ಗೆಳೆಯನಿಗೊಂದು ಪತ್ರ: 104 ದೇಶ, ಒಂದು ಅಂಗಳ

ಉಡುಪಿ

ಎಂತ ಮಾರಾಯ, ಹೇಗಿದ್ದೀ?

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಇಲ್ಲಿ ನಿನ್ನೆಯಿಂದ ಬಿಡದೆ ಮಳೆ, ಕರೆಂಟಿಗೆ ಗ್ಯಾರಂಟಿ ಇಲ್ಲ. ಫೋನ್ ಮಾಡುವ ಬದಲು ಬರೆಯುವುದೇ ವಾಸಿ ಅನ್ನಿಸಿತು. "ಜಗತ್ತೇ ಒಂದು ದೇಶವನ್ನು ತಪ್ಪು ಅಂದ ಮೇಲೆ ಅದು ತಪ್ಪೇ ಅಲ್ವಾ? ಎಲ್ಲರಿಗೂ ಒಟ್ಟಿಗೆ ತಲೆ ಕೆಡುತ್ತದಾ?" ಅಂತ ನೀನು ಕೇಳಿದ್ದೆ.

ಕೆಡುತ್ತದೆ. 1971ರಲ್ಲಿ ಕೆಟ್ಟಿತ್ತು.

ಆ ವರ್ಷ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ಜನರನ್ನು ಕೊಲ್ಲಲು ಶುರು ಮಾಡಿತು. ಈಗಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ ಆಗಿತ್ತು. ವರ್ಷದ ಕೊನೆಗೆ ಹತ್ತಿರ ಹತ್ತಿರ ಒಂದು ಕೋಟಿ ಜನ ಗಡಿ ದಾಟಿ ನಮ್ಮಲ್ಲಿಗೆ ಬಂದಿದ್ದರು. ಡಿಸೆಂಬರಿನಲ್ಲಿ ನಮಗೂ ಪಾಕಿಸ್ತಾನಕ್ಕೂ ಯುದ್ಧ ಹತ್ತಿತು. 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕಿದರು: ಯುದ್ಧ ನಿಲ್ಲಿಸಿ, ಸೇನೆ ವಾಪಸ್ ಕರೆಸಿ. ಪರ 104, ವಿರೋಧ 11. ಆ 11ರಲ್ಲಿ ನಾವು, ಸೋವಿಯತ್ ಬಳಗ, ಮತ್ತೆ ಭೂತಾನ್. ಪಾಪ, ಭೂತಾನ್ ವಿಶ್ವಸಂಸ್ಥೆಗೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ.

ಉಳಿದವರಿಗೆ ಢಾಕಾದ ಹೆಣಗಳು ಕಾಣಲಿಲ್ಲ ಅಂತಲ್ಲ. ಎಷ್ಟೋ ದೇಶಗಳು ಆಗಷ್ಟೇ ಸ್ವತಂತ್ರವಾಗಿದ್ದವು. ಇವತ್ತು ಅಲ್ಲಿ ಪಾಲಾದರೆ ನಾಳೆ ನಮ್ಮ ಮನೆಯಲ್ಲೂ ಪಾಲು ಕೇಳಿಯಾರು ಅನ್ನುವ ಹೆದರಿಕೆ. ಮತ್ತೆ, ಸರ್ಕಾರ ಹಾಕಿದ ಮತ ಅಲ್ಲಿನ ಜನರದ್ದೇ ಅಂತ ಹೇಗೆ ಹೇಳುವುದು? ಅಮೆರಿಕದ ಸರ್ಕಾರ ಪಾಕಿಸ್ತಾನದ ಕಡೆಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಸಿತಾರ್ ವಾದಕ ರವಿಶಂಕರ್, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ನಿರಾಶ್ರಿತರಿಗಾಗಿ ಹಾಡಿ ನುಡಿಸಿದಾಗ ಸಾವಿರಾರು ಜನ ದುಡ್ಡು ಕೊಟ್ಟು ಬಂದಿದ್ದರು. ಇದರಲ್ಲಿ ಜಗತ್ತಿನ ಮಾತು ಯಾವುದು, ನೀನೇ ಹೇಳು.

ಹಾಗಂತ "ಲೋಕ ಎಂತದೂ ಹೇಳಲಿ" ಅಂತ ಎದೆ ಉಬ್ಬಿಸಬೇಡ. 1946ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಭಾರತೀಯರ ಪಾಡನ್ನು ಇದೇ ಮಹಾಸಭೆಗೆ ಒಯ್ದವರು ನಾವೇ. ಅದು ನಮ್ಮ ಆಂತರಿಕ ವಿಷಯ ಅಂದಿತು ಆ ದೇಶ. 1971ರಲ್ಲಿ ಪಾಕಿಸ್ತಾನವೂ ಅದನ್ನೇ ಹೇಳಿತು. ಎರಡು ಸಲವೂ ನಾವು ಒಪ್ಪಲಿಲ್ಲ. ಈಗ ಹೊರಗಿನವರು ನಮ್ಮ ಬಗ್ಗೆ ಏನಾದರೂ ಕೇಳಿದರೆ ನಮ್ಮ ಬಾಯಲ್ಲೂ ಅದೇ ಮಾತು. ನನಗೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ.

ನಮ್ಮ ಅಜ್ಜನ ಮನೆ ನೆನಪುಂಟಲ್ಲ? ಆ ಕಾಲದಲ್ಲಿ ಹತ್ತು ಊರಿನವರನ್ನು ಕೇಳಿದರೂ "ಧರ್ಮದ ಮನೆ" ಅನ್ನುತ್ತಿದ್ದರಂತೆ. ಅದೇ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕೂದಲು, ಉಗುರು ಬೆರೆಸಿದ ಅನ್ನವನ್ನು, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಕೊರಗ ಸಮುದಾಯದವರಿಗೆ ಕೊಡುತ್ತಿದ್ದರು. ರೋಗ ಅವರಿಗೆ ಹೋಗಲಿ ಅಂತ. ಅಜಲು ಅಂದರೆ ಅದೇ. ಅದನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಹತ್ತು ಊರಿನವರು ಸುಳ್ಳು ಹೇಳಿರಲಿಲ್ಲ, ಅವರಿಗೆ ಆ ಮನೆಯಲ್ಲಿ ಊಟ ಸಿಕ್ಕಿತ್ತು. ಅಂಗಳದ ಆಚೆ ನಿಂತವರ ಹತ್ತಿರ ಮಾತ್ರ ಆ ಮನೆ ಹೇಗೆ ಅಂತ ಯಾರೂ ಕೇಳಿರಲಿಲ್ಲ. ಮಹಾಸಭೆಯಲ್ಲೂ ಅಷ್ಟೇ: ಪಾಕಿಸ್ತಾನಕ್ಕೆ ಕುರ್ಚಿ ಇತ್ತು, ಗಡಿ ದಾಟಿ ಬಂದ ಆ ಕೋಟಿ ಜನಕ್ಕೆ ಇರಲಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಈ ಅಜಲಿನ ವಿಷಯ ಎತ್ತಿದೆ. ಅವರು ಸಾರು ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅದೆಲ್ಲ ಈಗ ಎಂತಕ್ಕೆ? ಮನೆಯ ಮಾತು ಮನೆಯಲ್ಲೇ ಇರಲಿ" ಅಂದರು.

ನಿನ್ನ ಗೆಳೆಯ