ಹಳೆ ಪಿ.ಬಿ. ರಸ್ತೆಯ ಹಿರಿಯ ಟರ್ನರ್ ಅವರಿಗೆ

ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಲೇತ್ (ಲೋಹದ ಸರಳನ್ನು ತಿರುಗಿಸುತ್ತ ಕತ್ತರಿಸುವ ಯಂತ್ರ) ಅಂಗಡಿಯೊಂದರಲ್ಲಿ ಕಳೆದ ಶನಿವಾರ ಸಂಜೆ ನನಗೆ ನೆರವಾದ ಹಿರಿಯರ ಹೆಸರು ಕೇಳುವುದನ್ನೇ ಮರೆತೆನಾದ್ದರಿಂದ, ಈ ಕೃತಜ್ಞತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರುದಿನ ಅಡಿಕೆ ತೋಟಕ್ಕೆ ನೀರು ಹಾಯಿಸಬೇಕಿತ್ತು. ಪಂಪಿಗೆ ಬೇಕಾದ ಸ್ಪೇಸರನ್ನು (ಭಾಗಗಳ ನಡುವೆ ಅಂತರ ಕಾಯುವ ಬಿಲ್ಲೆ) ಮನೆಯ ಸಣ್ಣ ಲೇತಿನಲ್ಲಿ ಕತ್ತರಿಸುವಾಗ ಸರಳನ್ನು ತುಂಡರಿಸುವ ತೆಳು ಬ್ಲೇಡಾದ ಪಾರ್ಟಿಂಗ್ ಟೂಲ್ ಗಡಗಡ ನಡುಗಿ, ಕತ್ತರಿಸುತ್ತಿದ್ದ ಸರಳಿಗೆ ಕಚ್ಚಿಕೊಂಡು ಎರಡನೇ ಬಾರಿ ಮುರಿದಿತ್ತು. ನಾನು ಹೋದಾಗ ಅವರು ಷಟರನ್ನು ಅರ್ಧ ಇಳಿಸಿದ್ದರು, ಮೊಬೈಲಿನಲ್ಲಿದ್ದ ಫೋಟೊ ನೋಡಿ, “ಟೂಲ್ ಯಾಕ್ರೀ ಇಷ್ಟು ಹೊರಗ ಬಿಟ್ಟೀರಿ?” ಎಂದು ಮತ್ತೆ ದೀಪ ಹಾಕಿದರು.

ಕೈಯನ್ನು ವೇಸ್ಟ್ ಬಟ್ಟೆಗೆ ಒರೆಸಿ, ಜೇಬಿನಿಂದ 6 ಇಂಚಿನ ಸ್ಟೀಲ್ ಸ್ಕೇಲ್ ತೆಗೆದು, ನಿಂತಿದ್ದ ಲೇತಿನ ದುಂಡು ಸರಳಿಗೂ ಟೂಲಿನ ತುದಿಗೂ ನಡುವೆ ಅದನ್ನು ಹಗುರವಾಗಿ ಸಿಕ್ಕಿಸಿದರು. ಸ್ಕೇಲ್ ನೆಟ್ಟಗೆ ನಿಂತರೆ ಟೂಲ್ ಸೆಂಟರಿನಲ್ಲಿದೆ, ಅಂದರೆ ಸರಳಿನ ನಡುಮಟ್ಟದಲ್ಲಿದೆ, ಮೇಲ್ತುದಿ ನಮ್ಮತ್ತ ವಾಲಿದರೆ ತಗ್ಗಿನಲ್ಲಿದೆ, ಆಚೆ ವಾಲಿದರೆ ಎತ್ತರದಲ್ಲಿದೆ. ಎಷ್ಟೋ ವಿಡಿಯೊ ನೋಡಿಯೂ ನನಗೆ ಹತ್ತದ ವಿಷಯವಿದು. ಬಳಿಕ ಮುರಿದ ಬ್ಲೇಡಿಗೆ ಸಾಣೆ ಹಿಡಿದು, ಟೂಲನ್ನು ಆ ಮಟ್ಟಕ್ಕೆ ಎತ್ತಲು ಅಡಿಯಲ್ಲಿಡುವ ಪ್ಯಾಕಿಂಗಿಗೆಂದು ಹಳೆಯ ಹ್ಯಾಕ್ಸಾ ಬ್ಲೇಡಿನ ಹಲ್ಲುಗಳನ್ನು ಸವೆಸಿ, ಎರಡು ತುಂಡು ಮಾಡಿ ಕಾಗದದಲ್ಲಿ ಸುತ್ತಿಕೊಟ್ಟರು. ಸರಳನ್ನು ಹಿಡಿದಿರುವ ಚಕ್ಕಿನ ಹತ್ತಿರವೇ ಕತ್ತರಿಸಿ, ಸ್ಪೀಡ್ ಇಳಿಸಿ, ಎಣ್ಣೆ ನಿಲ್ಲಿಸಬೇಡಿ ಎಂದರು. ತೆಗೆದುಕೊಂಡದ್ದು 20 ರೂಪಾಯಿ, ಅದೂ ಸಾಣೆಗೆ ಮಾತ್ರ.

ರಾತ್ರಿ ಹತ್ತಕ್ಕೆ ಸ್ಪೇಸರ್ ಸದ್ದಿಲ್ಲದೆ ಕತ್ತರಿಸಿ ಟ್ರೇಗೆ ಬಿದ್ದಾಗ ನಿಟ್ಟುಸಿರು ಬಿಟ್ಟೆ. ಅವಸರದಲ್ಲಿ ಅವರ ಅಲೆನ್ ಕೀ ಒಂದು ನನ್ನ ಚೀಲ ಸೇರಿದೆ, ಸೋಮವಾರ ತಂದೊಪ್ಪಿಸುತ್ತೇನೆ.