ಮುಷ್ಕರದ ದಿನಗಳಲ್ಲಿ ಅವ್ವನ ಜ್ವರ

ಮಾನ್ಯ ಸಂಪಾದಕರೇ,

1974ರ ರೈಲ್ವೆ ಮುಷ್ಕರ ಅಂದರೆ ಮುಂದಾಳು ಜಾರ್ಜ್ ಫರ್ನಾಂಡಿಸ್, ಬೋನಸ್ಸಿನ ಬೇಡಿಕೆ, ಬಂಧನ ಇಷ್ಟನ್ನೇ ಎಲ್ಲರೂ ಬರೆಯುತ್ತಾರೆ. ಮನೆಯೊಳಗಿನ ಮಾತು ಯಾರೂ ಬರೆಯುವುದಿಲ್ಲ ಅಲ್ವಾ?

ಆಗ ನನಗೆ ಹನ್ನೊಂದು ವರ್ಷ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದೆವು. ಮೇ 8ಕ್ಕೆ ಮುಷ್ಕರ ಶುರುವಾಯಿತು. ಪೊಲೀಸರು ಹಿಡಿದಾರೆಂದು ಅಪ್ಪ ಯಾವುದೋ ಹಳ್ಳಿ ಸೇರಿದ್ದ. ಅದೇ ವಾರ ಅವ್ವನಿಗೆ ಟೈಫಾಯ್ಡ್. ಆರು ತಾಸಿಗೊಮ್ಮೆ ಮಾತ್ರೆ ಕೊಡಬೇಕಿತ್ತು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಗಾಡಿಗಳ ಸದ್ದಿನ ಮೇಲೇ ನಮಗೆ ವೇಳೆ ತಿಳಿಯುತ್ತಿತ್ತು. ಈಗ ಗಾಡಿಗಳೇ ಇಲ್ಲ! ರಾತ್ರಿಯ ಮಾತ್ರೆಗೆ ಪಕ್ಕದ ಮನೆಯ ಕಾಕಿ ಬಂದು ಎಬ್ಬಿಸುತ್ತಿದ್ದಳು. ಅವಳ ಗಂಡ ಮುಷ್ಕರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದವನು. ಓಣಿಯಲ್ಲಿ ಅವರ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಆದರೂ ದಿನಾ ಗಂಜಿ ಬರುತ್ತಿತ್ತು, ಸೆರಗಿನ ಮರೆಯಲ್ಲಿ.

ಮೇ 27ಕ್ಕೆ ಮುಷ್ಕರ ಮುಗಿಯಿತು. ಅಪ್ಪ ಮನೆಗೆ ಬರುವ ಹೊತ್ತಿಗೆ ಅವ್ವನ ಕೂದಲು ಅರ್ಧ ಉದುರಿತ್ತು. ಗಂಜಿಯ ವಿಷಯ ಅವ್ವ ಅವನಿಗೆ ಹೇಳಲೇ ಇಲ್ಲ. ನಾನೂ ಹೇಳಲಿಲ್ಲ.

– ಒಬ್ಬ ಓದುಗ, ಹುಬ್ಬಳ್ಳಿ