ಎತ್ತಿಟ್ಟುಕೊಂಡಿದ್ದವರಿಗೆ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಭಾರತಕ್ಕೆ ಇಂಟರ್ನೆಟ್ ಹೇಗೆ ಬಂತು, ಅದರಲ್ಲಿ ಕನ್ನಡ ಕಾಣಿಸಿಕೊಂಡ ಮೊದಲ ವರ್ಷಗಳು ಹೇಗಿದ್ದವು ಅನ್ನೋದು ನನ್ನ ವಿಷಯ. ಫೋನ್ ಮಾಡಿ, ಮೆಸೇಜ್ ಹಾಕಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ಆದರೆ ಈ ಥೀಸಿಸ್ ನಿಂತಿರುವುದು ಇನ್ನೂ ಕೆಲವರ ಹೆಗಲ ಮೇಲೆ. ಅವರ ಬಗ್ಗೆ ಥೀಸಿಸ್‌ನಲ್ಲಿ ಒಂದೊಂದೇ ಸಾಲು ಬರೆಯಲು ಸಾಧ್ಯವಾಯಿತು. ಅಷ್ಟು ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಇಂಟರ್ನೆಟ್‌ಗೆ ಒಮ್ಮೆ ಹಾಕಿದ್ದು ಯಾವತ್ತೂ ಅಳಿಯುವುದಿಲ್ಲ ಅಂತಾರೆ. ಈ ವಿಷಯಕ್ಕೆ ಕೈಹಾಕಿದ ಮೇಲೆ ಆ ಮಾತನ್ನು ನಂಬುವುದು ಬಿಟ್ಟೆ. ನೂರು ವರ್ಷ ಹಳೆಯ ಕನ್ನಡ ಪತ್ರಿಕೆ ಯಾವುದೋ ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಾದರೂ ಇರುತ್ತದೆ. 1997ರ ಒಂದು ಕನ್ನಡ ಪುಟ ಹುಡುಕಿ ನೋಡಿ. ನನಗೆ ಸಿಕ್ಕಿದ್ದರಲ್ಲಿ ಬಹುಪಾಲು, ಯಾರೋ ಒಬ್ಬರು 'ಇರಲಿ, ಬಿಸಾಡೋದು ಬೇಡ' ಅಂತ ಎತ್ತಿಟ್ಟಿದ್ದು.

ಮೊದಲ ನಮಸ್ಕಾರ ಒಬ್ಬ ನಿವೃತ್ತ ಎಂಜಿನಿಯರ್ ಮೇಷ್ಟ್ರಿಗೆ. ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಹೆಚ್ಚಿನವರು ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ 1986ರಲ್ಲೇ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಎರ್ನೆಟ್ ಅನ್ನೋ ಯೋಜನೆ, ಅಂದರೆ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಕಂಪ್ಯೂಟರ್ ಜಾಲ, ಶುರು ಮಾಡಿತ್ತು. ಐದು ಐಐಟಿಗಳು, ಮುಂಬೈಯ ತಂತ್ರಾಂಶ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರಲ್ಲಿದ್ದವು. ಆಗ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ, ಅಲ್ಲಿವರೆಗೆ ಕೂಡಿಟ್ಟುಕೊಂಡಿದ್ದ ಮೇಲ್‌ಗಳನ್ನೆಲ್ಲ ಒಟ್ಟಿಗೆ ದಾಟಿಸಿ, ಫೋನ್ ಇಡುತ್ತಿತ್ತು. ನಾನು ಇದನ್ನು ಓದಿ ತಿಳಿದಿದ್ದೆ. ಮೇಷ್ಟ್ರು ಊಟದ ಮೇಜಿನ ಮುಂದೆ ಕೂತು ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್‌ನ ಕೂಗನ್ನು ಬಾಯಲ್ಲೇ ಮಾಡಿ ತೋರಿಸಿದರು. ಈ ಸದ್ದು ಬಂದರೆ ಲೈನ್ ಸಿಕ್ಕಿತು, ಆ ಸದ್ದು ಬಂದರೆ ಇಟ್ಟು ಮತ್ತೆ ಮಾಡಬೇಕು. ಆ ಕಿವಿಯ ನೆನಪು ಯಾವ ಕಡತದಲ್ಲೂ ಸಿಗುವುದಿಲ್ಲ, ಅಲ್ವಾ? ಅಷ್ಟು ವರ್ಷ ಜೋಪಾನ ಮಾಡಿದ್ದ ಟಿಪ್ಪಣಿ ಪುಸ್ತಕಗಳನ್ನೂ ನನ್ನ ಕೈಗೆ ಕೊಟ್ಟರು. ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ?

ಆಮೇಲೆ ಮೈಸೂರಿನ ಒಬ್ಬ ಡಿಟಿಪಿ ಅಂಗಡಿಯವರು. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪಟ್ಟಿಯಲ್ಲಿ ಕೋಡ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಮನೆಯ ಕಂಪ್ಯೂಟರಿಗೆ ಅದು ತಲುಪಲು 2001ರ ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗಿದ್ದ ತುಂಗಾ ಫಾಂಟ್ ಬರಬೇಕಾಯಿತು. ಅಲ್ಲಿವರೆಗೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟ್, ಒಂದೊಂದು ಕೋಡ್. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಇಂಟರ್ನೆಟ್ ಆರ್ಕೈವ್ ಪುಣ್ಯಕ್ಕೆ 1996ರಿಂದ ಪುಟಗಳನ್ನು ಕಾಪಾಡುತ್ತಾ ಬಂದಿದೆ. ಪುಟ ಸಿಕ್ಕರೂ ಆ ಫಾಂಟ್ ಇಲ್ಲದಿದ್ದರೆ ಏನು ಕಾಣುತ್ತದೆ ಗೊತ್ತಾ? 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ 'ಕನ್ನಡ' ಎಂಬ ಪದ ಹೀಗೆ ಬರುತ್ತದೆ: ಒಂದು ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಇಡೀ ಪುಟ ಇದೇ ಥರ.

ಅಂಥ ಪುಟಗಳ ಪ್ರಿಂಟ್ ಹಿಡಿದು ಅವರ ಅಂಗಡಿಗೆ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಗಡಗಡ ಓದಿಬಿಟ್ಟರು! ಅಷ್ಟು ವರ್ಷ ಆ ಅಕ್ಷರಗಳ ಜೊತೆ ಕೆಲಸ ಮಾಡಿದ ಕಣ್ಣು ಅದು. ಈಗ ಯಾರೂ ಕೇಳದ ಫಾಂಟ್‌ಗಳ ಸಿ.ಡಿ.ಗಳನ್ನೂ ಬೀರುವಿನಿಂದ ತೆಗೆದುಕೊಟ್ಟರು. ಕಾಸು ಕೊಡಲು ಹೋದರೆ ಬೈದರು. ನನ್ನ ಮೂರನೇ ಅಧ್ಯಾಯ ಪೂರ್ತಿ ಅವರದೇ.

ಥೀಸಿಸ್‌ನ ಒಳಗೆ ಬರುವ ಹಿರಿಯರಿಗೂ ಇಲ್ಲಿ ಕೈಮುಗಿಯಬೇಕು. ಕೆ. ಪಿ. ರಾಯರು ಕನ್ನಡ ಟೈಪ್ ಮಾಡುವ ತಮ್ಮ ಕೀಲಿಮಣೆ ವಿನ್ಯಾಸವನ್ನು ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಯು. ಬಿ. ಪವನಜ 1996ರಲ್ಲೇ 'ವಿಶ್ವಕನ್ನಡ' ಎಂಬ ಕನ್ನಡ ಜಾಲತಾಣ ಶುರು ಮಾಡಿದರು. ಶೇಷಾದ್ರಿವಾಸು 1998ರಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ 'ಬರಹ'ವನ್ನು ತಂದರು. ಇವರನ್ನು ಬಿಟ್ಟು ಈ ಇತಿಹಾಸವೇ ಇಲ್ಲ.

ನಾನು ಎಂದೂ ನೋಡದ ಇನ್ನೊಬ್ಬರು ಕೆನಡಾದ ಹೆನ್ರಿ ಸ್ಪೆನ್ಸರ್. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. 1981ರಿಂದ 1991ರವರೆಗಿನ ಯೂಸ್‌ನೆಟ್ (ಆ ಕಾಲದ ಕಂಪ್ಯೂಟರ್ ಚರ್ಚಾಜಾಲ) ಸಂದೇಶಗಳನ್ನು 141 ಟೇಪುಗಳಲ್ಲಿ ಉಳಿಸಿದರು. ಯಾರೂ ಅವರಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಅವು 2001ರಲ್ಲಿ ಎಲ್ಲರಿಗೂ ಓದಲು ಸಿಕ್ಕವು. ನಮ್ಮಲ್ಲೂ ಅಂಥ ಒಬ್ಬರು ಇದ್ದಿದ್ದರೆ ಅಂತ ಎಷ್ಟೋ ಸಲ ಆಸೆಪಟ್ಟಿದ್ದೇನೆ. ಆಮೇಲೆ ಅರ್ಥವಾಯಿತು, ನಮ್ಮಲ್ಲಿ ಸಣ್ಣಸಣ್ಣದಾಗಿ ಅಂಥವರು ತುಂಬಾ ಜನ ಇದ್ದಾರೆ.

ನಡುವೆ ಒಂದು ವರ್ಷ ತೀರಾ ಕಷ್ಟವಾಯಿತು. ಫೆಲೋಶಿಪ್ ಹಣ ನಿಂತಿತ್ತು, ಹುಡುಕಿದ್ದು ಸಿಗುತ್ತಿರಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ನನ್ನ ಗೈಡ್ ಮೇಡಂ, "ಸಿಗದೇ ಇರೋದು ಯಾಕೆ ಸಿಗಲಿಲ್ಲ ಅಂತಲೇ ಒಂದು ಅಧ್ಯಾಯ ಬರೆಯಮ್ಮ" ಅಂದರು. ಪರೀಕ್ಷಕರು ಜಾಸ್ತಿ ಪ್ರಶ್ನೆ ಕೇಳಿದ್ದು ಆ ಅಧ್ಯಾಯದ ಮೇಲೇ. ಮೇಡಂ, ನಿಮ್ಮ ಋಣ ದೊಡ್ಡದು. ಆ ವರ್ಷ ಮನೆ ಖರ್ಚು ನೋಡಿಕೊಂಡ ಅಕ್ಕ, ಭಾವ, ಒಂದು ಮಾತೂ ಆಡದೆ ಕಾದ ಅಮ್ಮ, ನಿಮಗೂ.

ಈಗ ಆ ಹಳೆಯ ಪುಟಗಳನ್ನು ಒಂದೊಂದಾಗಿ ಯೂನಿಕೋಡ್‌ಗೆ ತರುತ್ತಿದ್ದೇನೆ. ಕೆಲಸ ಇನ್ನೂ ಬೇಕಾದಷ್ಟಿದೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಫ್ಲಾಪಿ, ಫಾಂಟ್ ಸಿ.ಡಿ., ಡಯಲ್‌ಅಪ್ ಕಾಲದ ಬಿಲ್ಲು, ಕೈಪಿಡಿ ಏನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದು ಮಾತು ತಿಳಿಸಿ. ಫ್ಲಾಪಿ ಡ್ರೈವ್ ನನ್ನ ಹತ್ತಿರ ಇದೆ, ನಾನೇ ಬಂದು ಕಾಪಿ ಮಾಡಿಕೊಂಡು ವಾಪಸ್ ಕೊಡುತ್ತೇನೆ.